ಚಪ್ಪೆ ಕಾಫಿಯ ಗೌರವ

ಹೋದ ತಿಂಗಳು ಪುತ್ತೂರಿನಲ್ಲಿ ಒಂದು ಮದುವೆಗೆ ಹೋಗಿದ್ದೆ. ಕಲ್ಯಾಣಮಂಟಪದ ಬಾಗಿಲಲ್ಲೇ ಕಾಫಿಯ ಮೇಜು ಹಾಕಿದ್ದರು. ಎಲ್ಲರಿಗೂ ಅಂತ ಒಂದು ದೊಡ್ಡ ಪಾತ್ರೆ, ಪಕ್ಕದಲ್ಲಿ ಸಕ್ಕರೆ ಹಾಕದ ಕಾಫಿಯ ಸಣ್ಣ ಪಾತ್ರೆ. ನಮ್ಮ ಕಡೆ ಅದಕ್ಕೆ ಚಪ್ಪೆ ಕಾಫಿ ಎನ್ನುತ್ತಾರೆ. ದೊಡ್ಡ ಪಾತ್ರೆಯ ಹತ್ತಿರ ಯಾರೂ ಇಲ್ಲ, ಸಣ್ಣ ಪಾತ್ರೆಯ ಮುಂದೆ ನೂಕುನುಗ್ಗಲು. ಜರಿಪಂಚೆ ಉಟ್ಟ ಇಬ್ಬರು ಗೃಹಸ್ಥರು ಚಪ್ಪೆ ಕಾಫಿಯ ಲೋಟ ಹಿಡಿದುಕೊಂಡು ತಮ್ಮ ತಮ್ಮ ಶುಗರಿನ ಅಂಕಿಯನ್ನು ಮಕ್ಕಳ ಮಾರ್ಕಿನ ಹಾಗೆ ಹೇಳಿಕೊಳ್ಳುತ್ತಿದ್ದರು. ಕಾಫಿ ಮುಗಿಸಿ ಇಬ್ಬರೂ ಮಂಟಪದ ಹಿಂದಕ್ಕೆ ಹೋದರು. ಸ್ವಲ್ಪ ಹೊತ್ತಿಗೆ ಅಲ್ಲಿಂದ ಬೀಡಿಯ ಹೊಗೆ ಬಂತು.

ಬೀಡಿಯ ಹೊಗೆಯೂ ಕಾಫಿಯ ಪರಿಮಳವೂ ಒಟ್ಟಿಗೆ ಮೂಗಿಗೆ ಬಿದ್ದರೆ ನನಗೆ ಅಣ್ಣನ ನೆನಪಾಗುತ್ತದೆ. ಅದರ ಬೆನ್ನಿಗೇ ಸಿಟ್ಟು ಬರುತ್ತದೆ. ಇಷ್ಟು ವರ್ಷ ಕಳೆದರೂ ಈ ಕ್ರಮ ತಪ್ಪಿಲ್ಲ. ನನಗೂ ಈಗ ಸಕ್ಕರೆ ಕಾಯಿಲೆ ಇದೆ, ಬಂದು ಬಹಳ ಕಾಲವಾಯಿತು. ಮಾತ್ರೆ ನುಂಗುತ್ತೇನೆ, ಬಿ.ಪಿ. ನೋಡಿಸಿಕೊಳ್ಳುತ್ತೇನೆ, ದಿನಾ ನಡೆಯುತ್ತೇನೆ, ಯಾರಿಗೂ ಹೇಳಿಕೊಳ್ಳುವುದಿಲ್ಲ. ಮದುವೆಮನೆಯಲ್ಲಿ ಎರಡೂ ಪಾತ್ರೆ ಬೇಡ, ನೀರು ಕೊಡಿ ಎನ್ನುತ್ತೇನೆ. ಈ ಮುದುಕಿಗೆ ಜಂಬ ಅಂತ ಅವರು ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ, ಜಂಬವೇ.

ಎಂಬತ್ತರ ದಶಕ ಆಗ ತಾನೇ ಶುರುವಾಗಿತ್ತು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ, ಗಂಡ ಮಂಗಳೂರಿನ ಬ್ಯಾಂಕೊಂದರಲ್ಲಿದ್ದರು. ಒಂದು ಜೂನ್ ತಿಂಗಳಲ್ಲಿ ನನಗೆ ಆಲಂಕಾರಿನ ಕಡೆಗೆ ವರ್ಗವಾಯಿತು. ಮಳೆಗಾಲದ ಬಾಯಿಗೆ ಅಂಥ ಊರಿಗೆ ಹಾಕಿದರಲ್ಲ ಎಂದು ಜೊತೆಯವರೆಲ್ಲ ಮರುಗಿದರು. ನನಗೆ ಒಳಗೊಳಗೇ ಖುಷಿ. ಆಲಂಕಾರಿನಲ್ಲಿ ಅಣ್ಣನ ಮನೆ ಇತ್ತು. ಅಣ್ಣ ಎಂದರೆ ಕೃಷ್ಣ ರೈ, ಊರಿಗೆಲ್ಲ ಕಿಟ್ಟಣ್ಣ ರೈ. ರಸ್ತೆ ಬದಿಯಲ್ಲಿ ಅವನ ಅಕ್ಕಿ ಗಿರಣಿ, ಗಿರಣಿಯ ಹಿಂದೆಯೇ ಮನೆ, ನಾನೂ ಅಲ್ಲೇ ಉಳಿದುಕೊಂಡೆ. ಅಪ್ಪ ಬೇಗ ತೀರಿಹೋದ ಮೇಲೆ ನನ್ನನ್ನು ಓದಿಸಿದವನು ಅವನು. ಹೆಣ್ಣಿಗೆ ಬಿ.ಎಸ್ಸಿ. ಯಾಕೆ ಎಂದು ಕೇಳಲು ಬಂದ ಮಾವಂದಿರಿಗೆ ಅಂಗಳದಲ್ಲೇ ನೀರು ಬೆಲ್ಲ ಕೊಟ್ಟು ಹಾಗೇ ಕಳುಹಿಸಿದವನು. ಜಗತ್ತಿನಲ್ಲಿ ನಾನು ಯಾರನ್ನಾದರೂ ಕಳೆದುಕೊಳ್ಳಲು ಹೆದರಿದ್ದಿದ್ದರೆ ಅದು ಅವನನ್ನು. ಈ ಬರಹದಲ್ಲಿ ಅವನನ್ನು ಎಷ್ಟು ಬೈದರೂ ಆ ಮಾತು ಮರೆಯಬಾರದು.

ಅಣ್ಣನಿಗೆ ಸಕ್ಕರೆ ಕಾಯಿಲೆ ಬಂದು ಆಗಲೇ ಕೆಲವು ವರ್ಷಗಳಾಗಿದ್ದವು. ಆಗಿನ ಕಾಲದಲ್ಲಿ ಅದು ಕಾಯಿಲೆಯಲ್ಲ, ಪದವಿ. ಗದ್ದೆ ಕೆಲಸದವನಿಗೆ ಬಂದರೆ ಅವನು ಸೊರಗಿ ಸೊರಗಿ ಸಾಯುತ್ತಿದ್ದ, ಯಾರೂ ಹೆಸರು ಕೇಳುತ್ತಿರಲಿಲ್ಲ. ಗಿರಣಿಯ ಧಣಿಗೆ ಬಂದರೆ ಮಾತ್ರ ಅದು ಡಯಾಬಿಟೀಸು. ಮದುವೆಗೆ ಹೋದರೆ ಮನೆಯ ಯಜಮಾನ ಚಾವಡಿಯಲ್ಲಿ ನಿಂತು, ರೈಗಳಿಗೆ ಒಂದು ಚಪ್ಪೆ ಕಾಫಿ ಎಂದು ಅಡಿಗೆಮನೆಗೆ ಕೇಳುವ ಹಾಗೆ ಕೂಗುತ್ತಿದ್ದ. ಕೂತವರೆಲ್ಲ ತಿರುಗಿ ನೋಡುತ್ತಿದ್ದರು. ಅಣ್ಣ ಶಾಲು ಸರಿಮಾಡಿಕೊಳ್ಳುತ್ತಿದ್ದ. ಆ ಕಾಫಿ ಬೇರೆ ಲೋಟದಲ್ಲಿ, ಬೇರೆ ತಟ್ಟೆಯಲ್ಲಿ, ಸ್ವತಃ ಮನೆಯವರ ಕೈಯಲ್ಲಿ ಬರುತ್ತಿತ್ತು. ಅದನ್ನು ಕುಡಿದು ಊಟಕ್ಕೆ ಕೂತವನು ಎರಡು ಹೋಳಿಗೆ ತುಪ್ಪ ಹಾಕಿಸಿಕೊಂಡು ತಿನ್ನುತ್ತಿದ್ದ. ಮದುವೆಮನೆಯದ್ದು ಬೇಡ ಎನ್ನಲಿಕ್ಕಾಗುತ್ತದೆಯೇ ಎಂದು ನನ್ನನ್ನೇ ಕೇಳುತ್ತಿದ್ದ. ಕಾಫಿಗೆ ಸಕ್ಕರೆ ಹಾಕಿಲ್ಲ ಎಂಬ ಒಂದೇ ಪುಣ್ಯದಲ್ಲಿ ಉಳಿದ ಪಾಪವೆಲ್ಲ ತೊಳೆದುಹೋಗುತ್ತಿತ್ತು.

ಈ ಪದವಿಯಲ್ಲಿ ಅವನಿಗೊಬ್ಬ ಜೊತೆಗಾರನಿದ್ದ, ಅದ್ರಾಮ ಬ್ಯಾರಿ. ಉಪ್ಪಿನಂಗಡಿಯಲ್ಲಿ ಅಪ್ಪನ ಕಾಲದಿಂದ ಒಣಮೀನಿನ ವ್ಯಾಪಾರ. ಒಳ್ಳೆಯ ಮನುಷ್ಯ, ಅಣ್ಣನಷ್ಟೇ ದಡ್ಡ. ಇಬ್ಬರಿಗೂ ಪುತ್ತೂರಿನಲ್ಲಿ ಒಬ್ಬರೇ ಡಾಕ್ಟರು, ಇಬ್ಬರೂ ತಿಂಗಳಿಗೊಮ್ಮೆ ಒಟ್ಟಿಗೆ ಹೋಗುತ್ತಿದ್ದರು. ಆಗ ರಕ್ತ ತೆಗೆದು ನೋಡುವುದು ನಮ್ಮಲ್ಲಿ ಅಪರೂಪ. ಗಾಜಿನ ನಳಿಗೆಯಲ್ಲಿ ನೀಲಿ ದ್ರಾವಣ ಹಾಕಿ, ಅದಕ್ಕೆ ನಾಲ್ಕು ತೊಟ್ಟು ಮೂತ್ರ ಬಿಟ್ಟು, ಸ್ಪಿರಿಟ್ ದೀಪದ ಮೇಲೆ ಕಾಯಿಸುತ್ತಿದ್ದರು. ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರು, ಹಳದಿ, ಕೇಸರಿ ಎಂದು ಏರುತ್ತಾ ಹೋಗಿ ಇಟ್ಟಿಗೆಯ ಬಣ್ಣ ಬಂದರೆ ಸಕ್ಕರೆ ಬಹಳ.

ಇದನ್ನು ಇವರಿಬ್ಬರೂ ಪರೀಕ್ಷೆ ಎಂದೇ ಕರೆಯುತ್ತಿದ್ದರು. ಪರೀಕ್ಷೆ ಅಂದಮೇಲೆ ತಯಾರಿ ಬೇಡವೇ? ಹೋಗುವ ದಿನಕ್ಕೆ ಮೂರು ದಿನ ಇರುವಾಗಲೇ ಅಣ್ಣ ಅನ್ನ ಬಿಡುತ್ತಿದ್ದ. ಹಾಗಲಕಾಯಿಯ ರಸ ಕುಡಿಯುತ್ತಿದ್ದ, ಬರೀ ಪಲ್ಯ ತಿನ್ನುತ್ತಿದ್ದ, ಹಿಂದಿನ ರಾತ್ರಿ ಉಪವಾಸ ಮಲಗುತ್ತಿದ್ದ. ತಿಂಗಳಿಡೀ ತಪ್ಪಿಸಿದ್ದ ಮಾತ್ರೆಯನ್ನು ಆ ದಿನಗಳಲ್ಲಿ ಸರಿಯಾಗಿ ನುಂಗುತ್ತಿದ್ದ. ಅದ್ರಾಮ ಬ್ಯಾರಿಯೂ ಅಷ್ಟೇ. ರಂಜಾನ್ ತಿಂಗಳ ಅಭ್ಯಾಸ ಇರುವುದರಿಂದ ಉಪವಾಸದಲ್ಲಿ ಅವನು ಅಣ್ಣನಿಗಿಂತ ಗಟ್ಟಿ. ಡಾಕ್ಟರಲ್ಲಿ ನಳಿಗೆ ನೀಲಿಯಾಗಿಯೇ ಉಳಿಯುತ್ತಿತ್ತು. ಇಬ್ಬರೂ ಪಾಸು. ಪಾಸಾದವರು ನೇರವಾಗಿ ಪೇಟೆಯ ಹೋಟೆಲಿಗೆ ಹೋಗಿ ಬನ್ಸು, ಗೋಳಿಬಜೆ, ಮೇಲಿಂದ ಒಂದೊಂದು ತುಂಡು ಹಲ್ವ ತಿಂದು, ಕೊನೆಗೆ ಮರೆಯದೆ ಚಪ್ಪೆ ಕಾಫಿ ಕುಡಿದು ಬಸ್ಸು ಹತ್ತುತ್ತಿದ್ದರು.

ನಾನು ಬಂದ ವರ್ಷವೇ ಹಳೆಯ ಡಾಕ್ಟರು ಕೆಲಸ ಬಿಟ್ಟು ಅವರ ಜಾಗಕ್ಕೆ ಹೊಸಬರೊಬ್ಬರು ಬಂದರು. ವಯಸ್ಸು ಕಡಿಮೆ, ಮಾತೂ ಕಡಿಮೆ. ದಸರೆಯ ರಜೆಯಲ್ಲಿ ಅಣ್ಣ ಮತ್ತು ಅದ್ರಾಮ ಬ್ಯಾರಿಯ ಜೊತೆ ನಾನೂ ಹೋಗಿದ್ದೆ. ನಳಿಗೆ ನೀಲಿ ಬಂತು, ಅಣ್ಣ ಎದ್ದು ನಿಂತ. ಅವರು ಕೂತುಕೊಳ್ಳಲು ಹೇಳಿ ತೋಳಿಗೆ ಪಟ್ಟಿ ಸುತ್ತಿ ಪ್ರೆಷರ್ ನೋಡಿದರು. ಮತ್ತೊಮ್ಮೆ ನೋಡಿದರು. ಚಪ್ಪಲಿ ಬಿಚ್ಚಿಸಿ ಪಾದ ಮುಟ್ಟಿ ನೋಡಿದರು, ಹಿಮ್ಮಡಿಯ ಹತ್ತಿರ ನಾಡಿ ಹುಡುಕಿದರು. ಅಣ್ಣನಿಗೆ ಸಂಕೋಚವಾಯಿತು. ಅಂಗಿಯ ಕಿಸೆಯಲ್ಲಿದ್ದ ಸಿಗರೇಟಿನ ಪ್ಯಾಕೆಟ್ಟನ್ನು ಅವರು ಕೇಳದೆಯೇ ತೆಗೆದು ಮೇಜಿನ ಮೇಲಿಟ್ಟರು.

"ರೈಗಳೇ, ನಳಿಗೆ ನೀಲಿ ಬಂದದ್ದು ಸಂತೋಷ. ಆದ್ರೆ ನಿಮ್ಮನ್ನು ತಕೊಂಡು ಹೋಗುದು ಬರೀ ಸಕ್ಕರೆ ಅಲ್ಲ," ಎಂದರು. "ಸಕ್ಕರೆ ಕಾಯಿಲೆ ಇದ್ದವರ ರಕ್ತನಾಳ ಬೇಗ ಹಾಳಾಗ್ತದೆ. ಎದೆಯದ್ದು, ತಲೆಯದ್ದು, ಕಾಲಿನದ್ದು. ಅದರ ಮೇಲೆ ಈ ಪ್ರೆಷರ್, ಅದರ ಮೇಲೆ ಈ ಸಿಗರೇಟು. ಸಕ್ಕರೆ ಒಂದನ್ನೇ ಹಿಡ್ಕೊಂಡು ಕೂತ್ರೆ ಆಗುದಿಲ್ಲ."

ಆಮೇಲೆ ಒಂದೊಂದಾಗಿ ಹೇಳಿದರು. ಪ್ರೆಷರಿಗೆ ಮಾತ್ರೆ ಬರೆದುಕೊಟ್ಟು, ತಾವು ಹೇಳುವ ತನಕ ನಿಲ್ಲಿಸಬಾರದು ಎಂದರು. ಉಪ್ಪು ಕಡಿಮೆ, ತುಪ್ಪ ಎಣ್ಣೆ ಕಡಿಮೆ, ಹೊಗೆ ಪೂರ್ತಿ ಬಂದ್, ದಿನಾ ನಡಿಗೆ, ರಾತ್ರಿ ಮಲಗುವ ಮೊದಲು ಪಾದ ನೋಡಿಕೊಳ್ಳುವುದು. ಇದರಲ್ಲಿ ಒಂದನ್ನು ಮಾಡಿ ಇನ್ನೊಂದನ್ನು ಬಿಟ್ಟರೆ ಪ್ರಯೋಜನವಿಲ್ಲ ಎಂದೂ ಹೇಳಿದರು. ನಾವು ಹೊರಡುವಾಗ ಅವರು ನನ್ನ ಮುಖ ನೋಡಿ ಹೇಳಿದ ಮಾತು ಇವತ್ತಿಗೂ ಹಾಗೇ ಕಿವಿಯಲ್ಲಿದೆ.

"ಮತ್ತೆ ಒಂದು ನೆನಪಿಡಿ ಟೀಚರೇ. ಇಂಥವರಿಗೆ ಹಾರ್ಟಿನ ತೊಂದರೆ ಆದ್ರೆ ಎದೆನೋವು ಬಂದೇ ಬರ್ಬೇಕು ಅಂತ ಇಲ್ಲ. ಸುಮ್ಮನೆ ಬೆವರಿದ್ರೆ, ದಮ್ಮು ಕಟ್ಟಿದ್ರೆ, ಆ ದಿನವೇ ಕರ್ಕೊಂಡು ಬನ್ನಿ. ಮರುದಿನ ಅಲ್ಲ."

ಬಸ್ಸಿನಲ್ಲಿ ಗೆಳೆಯರಿಬ್ಬರೂ ಒಂದೇ ಸೀಟಿನಲ್ಲಿ ಕೂತರು. ಉಪ್ಪಿನಂಗಡಿಯಲ್ಲಿ ಅದ್ರಾಮ ಬ್ಯಾರಿ ಇಳಿಯುವಾಗ ಇಬ್ಬರೂ ಒಂದು ತೀರ್ಮಾನಕ್ಕೆ ಬಂದಿದ್ದರು. ಹೊಸ ಡಾಕ್ಟರಿಗೆ ಸಕ್ಕರೆ ಕಾಯಿಲೆ ಗೊತ್ತಿಲ್ಲ. ಗೊತ್ತಿದ್ದರೆ ನಳಿಗೆ ನೋಡಿ ಸುಮ್ಮನಾಗುತ್ತಿದ್ದರು. ಕಾಲು ಯಾಕೆ ಮುಟ್ಟುತ್ತಿದ್ದರು?

ಆದರೂ ಅಣ್ಣ ಒಂದು ತಿಂಗಳು ಮಾತ್ರೆ ನುಂಗಿದ. ನಾನು ಎದುರು ನಿಂತು ನುಂಗಿಸುತ್ತಿದ್ದೆ. ಮುಂದಿನ ಸಲ ಪ್ರೆಷರ್ ನೋಡಿದಾಗ ಸರಿಯಾಗಿತ್ತು. ಮಾತ್ರೆಯಿಂದ ಸರಿಯಾಗಿದೆ, ನಿಲ್ಲಿಸಬೇಡಿ ಎಂದು ಅವರು ಹೇಳಿದ್ದು ಇವನ ಕಿವಿಗೆ ಅರ್ಧ ಮಾತ್ರ ಬಿತ್ತು. ಸರಿಯಾದ ಮೇಲೆ ಮದ್ದು ಯಾಕೆ, ಗಾಯ ಮಾಗಿದ ಮೇಲೆ ಯಾರಾದರೂ ಪಟ್ಟಿ ಕಟ್ಟಿಕೊಂಡು ತಿರುಗುತ್ತಾರೆಯೇ ಎಂದು ಅವನ ವಾದ. ನಾನು ಎರಡು ದಿನ ಮಾತು ಬಿಟ್ಟೆ. ಅವನು ನನಗೋಸ್ಕರ ಕೋಡುಬಳೆ ತಂದುಕೊಟ್ಟ. ಮಾತ್ರೆ ಮಾತ್ರ ಮುಟ್ಟಲಿಲ್ಲ.

ಸಿಗರೇಟು ಬಿಟ್ಟ. ಅದನ್ನು ಊರಿಗೆಲ್ಲ ಹೇಳಿದ. ಬಿಟ್ಟ ಮೇಲೆ ಬೀಡಿ ಹಿಡಿದ. ಸಿಗರೇಟು ಕಾಗದ, ಕಾಗದದ ಹೊಗೆ ಕೆಟ್ಟದ್ದು. ಬೀಡಿ ಎಲೆ, ಎಲೆ ಅಂದರೆ ಮದ್ದಿನ ಜಾತಿ. ಸುತ್ತಮುತ್ತಲಿನ ಮನೆಗಳಲ್ಲೆಲ್ಲ ಬೀಡಿ ಕಟ್ಟುತ್ತಿದ್ದುದರಿಂದ ಅವನಿಗೆ ಅದು ಮನೆಯ ಪದಾರ್ಥದ ಹಾಗೆ ಕಂಡಿತೋ ಏನೋ. ಉಪ್ಪಿನ ಸಂಗತಿ ಕೇಳಿದರೆ ಇನ್ನೂ ಚೆಂದ. ಸಕ್ಕರೆಗೆ ಎದುರಾದದ್ದು ಉಪ್ಪು, ಆದ್ದರಿಂದ ಸಕ್ಕರೆ ಕಾಯಿಲೆಗೆ ಉಪ್ಪು ಒಳ್ಳೆಯದು ಎಂದು ನಮ್ಮ ಇಡೀ ಸೀಮೆ ನಂಬಿತ್ತು. ಓದಿದವರೂ ನಂಬಿದ್ದರು, ನನ್ನ ಶಾಲೆಯ ಹೆಡ್‌ಮಾಸ್ಟರೂ ನಂಬಿದ್ದರು. ಅದ್ರಾಮ ಬ್ಯಾರಿ ಸ್ನೇಹಕ್ಕೆ ಕಟ್ಟಿಕೊಡುತ್ತಿದ್ದ ಒಣಮೀನು, ಭರಣಿಯಲ್ಲಿ ಉಪ್ಪುನೀರಿಗೆ ಹಾಕಿಟ್ಟ ಮಾವಿನಕಾಯಿ, ಎರಡನ್ನೂ ಅಣ್ಣ ಗಂಜಿಯ ಜೊತೆ ದಿನಾ ಪಥ್ಯದ ಹಾಗೆ ತಿನ್ನುತ್ತಿದ್ದ. ಅತ್ತಿಗೆ ಪಾಪ ಶ್ರದ್ಧೆಯಿಂದ ಬಡಿಸುತ್ತಿದ್ದಳು. ಗಂಡನಿಗೆ ಸಿಹಿ ಒಂದು ಹರಳೂ ತಾಗಬಾರದು ಎಂದು ಸಕ್ಕರೆ ಡಬ್ಬಿಯನ್ನು ಅಟ್ಟದ ಮೇಲೆ ಇಟ್ಟಿದ್ದಳು. ಉಪ್ಪಿನ ಭರಣಿ ಕೈಗೆಟುಕುವಲ್ಲೇ ಇತ್ತು.

ನಾನೂ ಸುಮ್ಮನಿರುವವಳಲ್ಲ. ಒಂದು ದಿನ ಶಾಲೆಯ ಪ್ರಯೋಗಾಲಯದಿಂದ ಆ ನೀಲಿ ದ್ರಾವಣವನ್ನೂ ಒಂದು ನಳಿಗೆಯನ್ನೂ ಮನೆಗೆ ತಂದೆ. ಡಾಕ್ಟರಲ್ಲಿಗೆ ಹೋಗಲು ಇನ್ನೂ ಎಷ್ಟೋ ದಿನ ಇತ್ತು, ಅಣ್ಣ ತಯಾರಿ ಶುರುಮಾಡಿರಲಿಲ್ಲ. ಬಚ್ಚಲಿನ ಒಲೆಯ ಹತ್ತಿರ ಅವನೆದುರೇ ಕಾಯಿಸಿದೆ. ಬಣ್ಣ ಹಸಿರಿನಲ್ಲಿ ನಿಲ್ಲಲಿಲ್ಲ, ಹಳದಿಯಲ್ಲಿ ನಿಲ್ಲಲಿಲ್ಲ. ಹೊಸ ಹಂಚಿನ ಬಣ್ಣಕ್ಕೆ ಬಂದು ಗಟ್ಟಿಯಾಗಿ ತಳದಲ್ಲಿ ಕೂತಿತು. ಅಣ್ಣ ಬಗ್ಗಿ ನೋಡಿದ. ಒಂದು ಕ್ಷಣ ಅವನ ಮುಖ ಇಳಿದದ್ದನ್ನು ನಾನು ಕಂಡೆ, ಈಗಲಾದರೂ ಗೆದ್ದೆ ಎಂದುಕೊಂಡೆ.

"ಇದು ಶಾಲೆಯದ್ದಲ್ವಾ ಸುಶೀಲಾ," ಎಂದ ಅವನು ಪಂಚೆ ಮೇಲೆತ್ತಿ ಕಟ್ಟುತ್ತಾ. "ಇದು ಮಕ್ಕಳಿಗೆ ತೋರಿಸ್ಲಿಕ್ಕೆ ಇರುವ ಮದ್ದು. ಡಾಕ್ಟ್ರ ಮದ್ದಿಗೆ ನನ್ನದು ನೀಲಿಯೇ ಬರುದು."

ಹೀಗೆ ಹೇಳಿದವನಿಗೆ ಯಾವ ವಿಜ್ಞಾನ ಹೇಳಿಕೊಡುವುದು? ನಾನು ನಳಿಗೆಯನ್ನು ಬಚ್ಚಲಿಗೆ ಕುಕ್ಕಿದೆ. ಅದು ಒಡೆಯಿತು. ಸರ್ಕಾರಿ ನಳಿಗೆ ಒಡೆದಳು ಎಂದು ಅವನು ಮನೆಯವರಿಗೆಲ್ಲ ಹೇಳಿ ನಕ್ಕ.

ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಅವನು ಮನೆಯಿಂದ ಗಿರಣಿಗೆ ನಡೆದು ಹೋಗುವುದನ್ನು ಜಗಲಿಯಿಂದ ನೋಡುತ್ತಿದ್ದೆ. ದಾರಿಯ ಮಧ್ಯೆ ಎಡಗಾಲಿನ ಚಪ್ಪಲಿ ಕಳಚಿ ಹಿಂದೆ ಉಳಿಯಿತು. ಅಣ್ಣನಿಗೆ ಗೊತ್ತೇ ಆಗಲಿಲ್ಲ. ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದು ಬರಿಗಾಲು, ಜಲ್ಲಿಯ ಮೇಲೆ ಹಾಗೇ ನಡೆದು ಗಿರಣಿಯೊಳಗೆ ಹೋದ. ನಾನು ಚಪ್ಪಲಿ ಹಿಡಿದುಕೊಂಡು ಹಿಂದೆ ಓಡಿದೆ. ಮರೆವು, ವಯಸ್ಸಾಯಿತಲ್ಲ ಎಂದ. ಮರೆವಲ್ಲ, ಪಾದಕ್ಕೆ ಸ್ಪರ್ಶವೇ ಇರಲಿಲ್ಲ.

ಬೇಸಗೆ ಬರುವಷ್ಟರಲ್ಲಿ ನಡಿಗೆಯೂ ಬದಲಾಯಿತು. ಸ್ವಲ್ಪ ದೂರ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತಿತ್ತು, ನಿಲ್ಲಬೇಕಾಗುತ್ತಿತ್ತು. ಕಾಲಿಗೆ ರಕ್ತ ಸಾಲದೆ ಹಾಗಾಗುತ್ತದೆ. ಕಿಟ್ಟಣ್ಣ ರೈ ಕಾಲುನೋವಿಗೆ ನಿಲ್ಲುವುದುಂಟೇ? ಅವನು ನಿಂತಲ್ಲೆಲ್ಲ ಒಂದು ನೆಪ ಹುಡುಕುತ್ತಿದ್ದ. ಯಾರದ್ದೋ ಬೇಲಿ ನೋಡುತ್ತಿದ್ದ, ಯಾರದ್ದೋ ಹಸು ಹಾಲು ಎಷ್ಟು ಕೊಡುತ್ತದೆ ಎಂದು ವಿಚಾರಿಸುತ್ತಿದ್ದ, ಕೊಯಿಲದ ದನದ ಫಾರ್ಮಿನಿಂದ ತಂದ ಹೋರಿಕರುವನ್ನು ಹೊಗಳುತ್ತಿದ್ದ. ರೈಗಳು ಎಷ್ಟು ಸರಳ, ಎಲ್ಲರನ್ನೂ ಮಾತಾಡಿಸುತ್ತಾರೆ ಎಂದು ಊರು ಕೊಂಡಾಡಿತು. ನನಗೆ ನೋಡಿ ನೋಡಿ ಅಳು ಬರುತ್ತಿತ್ತು, ಅಳುವುದಕ್ಕಿಂತ ಬೈಯುವುದು ಸುಲಭವಾದ್ದರಿಂದ ಬೈಯುತ್ತಿದ್ದೆ. ಡಾಕ್ಟರಿಗೆ ಇದನ್ನು ಹೇಳು ಎಂದರೆ, ಅವರು ಸಕ್ಕರೆಗೆ ನೋಡುವುದು, ಕಾಲಿಗಲ್ಲ ಎನ್ನುತ್ತಿದ್ದ.

ಅದೇ ಬೇಸಗೆಯಲ್ಲಿ ಅದ್ರಾಮ ಬ್ಯಾರಿಯ ಕಾಲಿನ ಬೆರಳಿಗೆ ಮೀನಿನ ಮುಳ್ಳು ಹೊಕ್ಕು ಹುಣ್ಣಾಯಿತು. ಗೊತ್ತಾಗುವಾಗ ಬೆರಳು ಕಪ್ಪಾಗಿತ್ತು. ಮಂಗಳೂರಿಗೆ ಹೋಗಿ ಬೆರಳು ತೆಗೆಸಿಕೊಂಡು ಬಂದ. ಆ ಮೇಲೆ ಅವನು ಬೀಡಿ ಮುಟ್ಟಲಿಲ್ಲ, ಹೊಸ ಡಾಕ್ಟರು ಕೊಟ್ಟ ಮಾತ್ರೆಗಳನ್ನೆಲ್ಲ ಹೊತ್ತಿಗೆ ಸರಿಯಾಗಿ ನುಂಗಿದ, ಪರೀಕ್ಷೆಯ ತಯಾರಿಯನ್ನೂ ಬಿಟ್ಟ. ಅವನಿಗೆ ಬುದ್ಧಿ ಬಂತು ಎಂದು ನಾನು ಹೇಳುವುದಿಲ್ಲ. ಹೆದರಿಕೆ ಬಂತು. ಆದರೆ ಆ ಹೆದರಿಕೆಯಲ್ಲಿ ಅವನು ಬಹಳ ವರ್ಷ ಬದುಕಿದ, ಮೊಮ್ಮಕ್ಕಳು ಗಲ್ಫಿಗೆ ಹೋಗಿ ಬರುವುದನ್ನು ನೋಡಿದ. ಅಣ್ಣನಿಗೆ ಹೆದರಿಕೆಯೂ ಬರಲಿಲ್ಲ. ಬ್ಯಾರಿಗೆ ಮುಳ್ಳು ತಾಗಿದ್ದು, ಅದಕ್ಕೂ ಸಕ್ಕರೆಗೂ ಎಂತ ಸಂಬಂಧ ಎಂದ.

ಮತ್ತೆ ಮಳೆಗಾಲ ಬಂತು. ಆ ವರ್ಷ ಮಳೆ ಹಿಡಿದದ್ದು ಬಿಡಲೇ ಇಲ್ಲ. ಜುಲೈ ತಿಂಗಳ ಮೊದಲಿಗೆ ಒಂದು ಬೆಳಿಗ್ಗೆ ಅಣ್ಣ ಗಿರಣಿಯ ಬೆಂಚಿನ ಮೇಲೆ ಕೂತವನು ಏಳಲಿಲ್ಲ. ನಾನು ಶಾಲೆಗೆ ಹೊರಟಿದ್ದೆ. ಹೊರಗೆ ತಂಪು ಗಾಳಿ, ಇವನ ಅಂಗಿ ಬೆನ್ನಿಗೆ ಅಂಟುವಷ್ಟು ಬೆವರು. ಮಾತಾಡಿದರೆ ಎರಡು ಶಬ್ದಕ್ಕೊಮ್ಮೆ ಉಸಿರು ಎಳೆದುಕೊಳ್ಳುತ್ತಿದ್ದ. ನನಗೆ ಡಾಕ್ಟರ ಮಾತು ನೆನಪಾಯಿತು. ಅಂಚೆ ಕಚೇರಿಗೆ ಓಡಿ ಅಲ್ಲಿಂದ ಅದ್ರಾಮ ಬ್ಯಾರಿಯ ಅಂಗಡಿಗೆ ಫೋನ್ ಮಾಡಿಸಿದೆ. ಅವನು ಕೇಳಿದ ಕೂಡಲೇ ಜೀಪು ತೆಗೆದುಕೊಂಡು ಕುಂಟಿಕೊಂಡೇ ಬಂದ. ಆಗ ರಸ್ತೆ ಸರಿಯಾಗಿತ್ತು, ಹೊಳೆ ದಡದೊಳಗೇ ಇತ್ತು. ಇದನ್ನು ನಾನು ಒತ್ತಿ ಹೇಳುತ್ತಿದ್ದೇನೆ.

ಅಷ್ಟರಲ್ಲಿ ಗಿರಣಿಯಲ್ಲಿ ಪಂಡಿತರ ಸಭೆ ಸೇರಿತ್ತು. ಎಲ್ಲರದ್ದೂ ಒಂದೇ ಮಾತು, ಗ್ಯಾಸು. ಪಕ್ಕದ ಮನೆಯ ಸಂಕಪ್ಪಣ್ಣ ಎಂಬ ಮಹಾಶಯ, ಜೀವಮಾನದಲ್ಲಿ ಒಂದು ಕೋಳಿಗೂ ಮದ್ದು ಮಾಡದವನು, ಅಣ್ಣನ ಹೊಟ್ಟೆ ಅದುಮಿ ನೋಡಿ ವಾಯು ಮೇಲೆ ಏರಿದೆ ಎಂದು ತೀರ್ಪು ಕೊಟ್ಟ. ಗೋಲಿ ಸೋಡಾ ಒಡೆದು ಉಪ್ಪು ಹಾಕಿ ಕುಡಿಸಿದರು. ಉಪ್ಪೇ. ಅಣ್ಣ ಒಂದು ದೊಡ್ಡ ತೇಗು ತೇಗಿದ. ಸುತ್ತ ನಿಂತವರ ಮುಖ ಅರಳಿತು, ಹೋಯಿತು ಹೋಯಿತು ಎಂದರು. ಎಲ್ಲಿಗೆ ಹೋಯಿತು, ಯಾವುದು ಹೋಯಿತು ಎಂದು ಕೇಳುವವರಿಲ್ಲ.

ನಾನು ಜೀಪಿಗೆ ಹತ್ತು ಎಂದೆ. ಕೈ ಹಿಡಿದು ಎಳೆದೆ. ಅದ್ರಾಮ ಬ್ಯಾರಿ, "ರೈಗಳೇ, ನನ್ನ ಬೆರಳು ನೋಡಿಯಾದ್ರೂ ಬನ್ನಿ ಮಾರಾಯ್ರೆ," ಎಂದು ಕೈಮುಗಿದ.

"ಎದೆ ನೋವುಂಟಾ ನನಗೆ? ಇಲ್ಲ," ಎಂದ ಅಣ್ಣ, ನಡುವೆ ನಿಂತು ಉಸಿರು ತೆಗೆದುಕೊಂಡು. "ನೋವೇ ಇಲ್ಲದೆ ಹಾರ್ಟು ಹೇಗೆ ಆಗುದು? ಇವಳದ್ದೊಂದು. ನಾಳೆ ನೋಡುವ."

ಸಂಕಪ್ಪಣ್ಣನೂ, ರೈಗಳು ಹೇಳುವುದು ಸರಿ, ಹೆಂಗಸರು ಬೇಗ ಗಾಬರಿಯಾಗುತ್ತಾರೆ ಎಂದ. ಅತ್ತಿಗೆ ಎರಡೂ ಕಡೆ ನೋಡಿದಳು, ಗಂಡನ ಮಾತಿನ ಕಡೆ ನಿಂತಳು. ನೋವಿಲ್ಲದೆಯೂ ಆಗುತ್ತದೆ ಎಂದು ಡಾಕ್ಟರು ಅವನ ಎದುರೇ ಹೇಳಿದ್ದರು ಎಂದು ನಾನು ಕೂಗಿದೆ. ಕೂಗಿದ್ದರಿಂದ ನನ್ನ ಮಾತಿನ ತೂಕ ಇನ್ನೂ ಕಡಿಮೆಯಾಯಿತು. ಜೀಪು ಬರಿದೇ ವಾಪಸು ಹೋಯಿತು. ಆ ದಿನ ಅಣ್ಣ ಓಮದ ಕಷಾಯ ಕುಡಿದು ದಿಂಬಿಗೆ ಒರಗಿ ಕೂತೇ ಕಳೆದ. ಮಲಗಿದರೆ ದಮ್ಮು ಕಟ್ಟುತ್ತಿತ್ತು.

ಮರುದಿನ ಬೆಳಗಾಗುವಾಗ ಅವನ ಉಗುರು ನೀಲಿಯಾಗಿತ್ತು. ಸುಳ್ಯದಲ್ಲಿ ಮದುವೆಯಾಗಿದ್ದ ಅವನ ಮಗಳು ಶಶಿಗೆ ಹೇಳಿ ಕಳುಹಿಸಿದೆವು. ಅದ್ರಾಮ ಬ್ಯಾರಿ ಕರೆಯದೆಯೇ ಜೀಪು ತಂದಿದ್ದ. ಈಗ ಅಣ್ಣ ತಾನಾಗಿಯೇ ಹತ್ತಿ ಕೂತ, ವಾದ ಮಾಡಲು ಉಸಿರು ಇರಲಿಲ್ಲ. ಉಪ್ಪಿನಂಗಡಿ ಹತ್ತಿರವಾಗುವಾಗ ರಸ್ತೆ ಕಾಣಲಿಲ್ಲ. ನೇತ್ರಾವತಿಯೂ ಕುಮಾರಧಾರೆಯೂ ಸೇರಿ ಕೆಂಪು ನೀರು ರಸ್ತೆಯ ಮೇಲೆ ಹರಿಯುತ್ತಿತ್ತು. ದಾಟುವ ಹಾಗಿರಲಿಲ್ಲ. ತಿರುಗಿಸಿ ಹೊಳೆ ದಾಟುವ ಕಡವಿನ ಕಡೆ ಹೋದರೆ ದೋಣಿ ನಿಲ್ಲಿಸಿದ್ದರು. ಮತ್ತೆ ತಿರುಗಿಸಿದೆವು. ಅಣ್ಣ ನನ್ನ ಹೆಗಲಿಗೆ ಒರಗಿದ್ದ. ಅವನಿಗೆ ಏನೋ ಹೇಳಬೇಕಿತ್ತು, ನನ್ನ ಕೈಯನ್ನು ಎರಡು ಸಲ ಒತ್ತಿದ. ಏನೆಂದು ಹೇಳಲಿಲ್ಲ. ನಿನ್ನೆ ಬರಬೇಕಿತ್ತು ಎಂದಿರಬಹುದು, ಬರೀ ಗ್ಯಾಸು ಎಂದಿರಬಹುದು. ಅವನನ್ನು ಬಲ್ಲ ನನಗೆ ಎರಡನೆಯದೇ ಇರಬೇಕು ಅನ್ನಿಸುತ್ತದೆ. ಜೀಪು ಆಲಂಕಾರಿನ ಹತ್ತಿರ ಬರುವಾಗ ಅವನು ತೀರಿಕೊಂಡಿದ್ದ.

ಊರು ಎಲ್ಲವನ್ನೂ ಹೊಳೆಯ ಮೇಲೆ ಹಾಕಿತು. ನೆರೆ ಬಾರದಿದ್ದರೆ ರೈಗಳು ಉಳಿಯುತ್ತಿದ್ದರು, ಎಲ್ಲ ವಿಧಿ ಎಂದು ಬಂದವರೆಲ್ಲ ಹೇಳಿದರು. ಸಂಕಪ್ಪಣ್ಣ ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದ. ಹೊಳೆ ಬಂದದ್ದು ಒಂದು ದಿನ ತಡವಾಗಿ, ಅದಕ್ಕಿಂತ ಮೊದಲು ಇವರೆಲ್ಲ ಬಂದಿದ್ದರು ಎಂದು ನಾನು ಹೇಳಿದೆ. ದುಃಖದಲ್ಲಿ ಮಾತಾಡುತ್ತಾಳೆ, ಬಿಡಿ ಎಂದರು. ಹೌದು, ದುಃಖವೇ. ಆದರೆ ಲೆಕ್ಕ ತಪ್ಪಿರಲಿಲ್ಲ. ಆ ಡಾಕ್ಟರು ಹೇಳಿದ್ದು ಒಂದೂ ದುಬಾರಿ ಮದ್ದಾಗಿರಲಿಲ್ಲ. ಒಂದು ಮಾತ್ರೆ, ಒಂದು ನಡಿಗೆ, ಬೀಡಿ ಬಿಡುವುದು, ಉಪ್ಪಿನ ಭರಣಿ ಮುಚ್ಚುವುದು. ಮನೆಯಲ್ಲೇ ಆಗುವ ಕೆಲಸಗಳು. ಅಷ್ಟನ್ನು ಮಾಡಲಾರದೆ ಒಬ್ಬ ಗಂಡಸು, ನನ್ನನ್ನು ಸಾಕಿದ ಗಂಡಸು, ಸತ್ತುಹೋದ. ಅದಕ್ಕೆ ಊರೆಲ್ಲ ಸೇರಿ ಸಹಾಯ ಮಾಡಿತು.

ನಮ್ಮಲ್ಲಿ ಮಳೆಗಾಲದ ನಡುವೆ ಬರುವ ಆಟಿ ತಿಂಗಳಿನಲ್ಲಿ, ತೀರಿಕೊಂಡವರಿಗೆ ಎಲೆ ಹಾಕಿ ಬಡಿಸುವ ಕ್ರಮವಿದೆ. ಅವರವರಿಗೆ ಏನು ಇಷ್ಟವೋ ಅದನ್ನೆಲ್ಲ ಎಲೆಗೆ ಬಡಿಸಿ, ಸ್ವಲ್ಪ ಹೊತ್ತು ಬಾಗಿಲು ಮುಚ್ಚಿ ಹೊರಗೆ ಕಾಯುತ್ತಾರೆ, ಒಳಗೆ ಅವರು ಬಂದು ಉಂಡು ಹೋಗುತ್ತಾರೆ ಎಂದು ನಂಬಿಕೆ. ಉತ್ತರಕ್ರಿಯೆ ಮುಗಿದ ಬೆನ್ನಿಗೇ ಆಟಿ ಬಂದಿತ್ತು. ಸಂಜೆ ದೀಪ ಹಚ್ಚಿದ ಮೇಲೆ ಒಳಕೋಣೆಯಲ್ಲಿ ಅಣ್ಣನಿಗೆ ಎಲೆ ಹಾಕಿದರು. ಕೋಳಿ ಸಾರು, ದೋಸೆ, ಒಣಮೀನಿನ ಚಟ್ನಿ, ಉಪ್ಪಿನ ಮಾವಿನಕಾಯಿ, ಎರಡು ಹೋಳಿಗೆ. ಸಂಕಪ್ಪಣ್ಣ ಒಂದು ಕಟ್ಟು ಬೀಡಿ ತಂದಿದ್ದ. ಅದರಿಂದ ಒಂದನ್ನು ತೆಗೆದು, ಸತ್ತವನಿಗೆ ಬೆಂಕಿಪೆಟ್ಟಿಗೆ ಗೀರುವ ಕಷ್ಟ ಬೇಡವೆಂದು ತಾನೇ ಹೊತ್ತಿಸಿ ಎಲೆಯ ತುದಿಯಲ್ಲಿಟ್ಟ. ಕೊನೆಗೆ ಶಶಿ ಕಾಫಿ ತಂದಳು. ಅಣ್ಣ ಕುಡಿಯುತ್ತಿದ್ದ ಅದೇ ಲೋಟ.

ಅತ್ತಿಗೆ ಬಾಗಿಲಲ್ಲಿ ಅವಳನ್ನು ತಡೆದಳು. ತಿಂಗಳಿಂದ ಅತ್ತು ಅತ್ತು ಅವಳ ಸ್ವರ ಬಿದ್ದುಹೋಗಿತ್ತು.

"ಸಕ್ಕರೆ ಹಾಕಿದ್ದೀಯಾ ಮಗಾ? ಬೇರೆ ಮಾಡಿ ತಾ. ಅಪ್ಪನಿಗೆ ಚಪ್ಪೆಯೇ ಆಗ್ಬೇಕು. ಅವರಿಗೆ ಸಕ್ಕರೆ ಆಗುದಿಲ್ಲ."

ನಿಂತವರೆಲ್ಲ ಹೌದು ಹೌದು ಎಂದು ತಲೆಯಾಡಿಸಿದರು. ಯಾರಿಗೂ ನಗು ಬರಲಿಲ್ಲ. ಶಶಿ ಹೋಗಿ ಚಪ್ಪೆ ಕಾಫಿ ಮಾಡಿ ತಂದು ಎಲೆಯ ಪಕ್ಕದಲ್ಲಿಟ್ಟಳು. ಕಾಫಿಯ ಹಬೆ ಮೇಲೇರುತ್ತಿತ್ತು, ಪಕ್ಕದಲ್ಲಿ ಬೀಡಿಯ ಹೊಗೆ. ಸಂಕಪ್ಪಣ್ಣ ಬಾಗಿಲು ಮುಚ್ಚಲು ಕೈ ಹಾಕಿದ.

ನಾನು ಅವನನ್ನು ಸರಿಸಿ ಒಳಗೆ ಹೋದೆ. ಬೀಡಿಯನ್ನು ಎತ್ತಿ ಕಿಟಕಿಯಿಂದ ಮಳೆಗೆ ಎಸೆದೆ. ಅಡಿಗೆಮನೆಗೆ ಹೋಗಿ ಅಟ್ಟಕ್ಕೆ ಏಣಿ ಹಾಕಿ ಸಕ್ಕರೆ ಡಬ್ಬಿ ಇಳಿಸಿದೆ. ವಾಪಸು ಬಂದು ಎಲೆಯೆದುರು ಕೂತು ಎರಡು ಚಮಚ ತುಂಬ ಸಕ್ಕರೆ ಕಾಫಿಗೆ ಹಾಕಿ ಚೆನ್ನಾಗಿ ಕದಡಿದೆ.

"ಕುಡಿ ಅಣ್ಣ," ಎಂದೆ. "ಇನ್ನು ಎಂತ ಆಗ್ಲಿಕ್ಕುಂಟು."